ತಿದ್ದುವವನ ಅಧಿಕಾರ

ಹಣ ಕೊಟ್ಟು ಕೊಂಡ ವಸ್ತುವನ್ನು ಒಡೆಯನು ತನಗೆ ತೋರಿದಂತೆ ಮಾರ್ಪಡಿಸಬಹುದೆ? ನ್ಯಾಯಸ್ಥಾನವು ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟೀತು. ಧರ್ಮಜಿಜ್ಞಾಸೆಯು ಅಷ್ಟಕ್ಕೆ ತೃಪ್ತಿಪಡದು. ಪ್ರಾಚೀನ ಶಿಲ್ಪ, ಚಿತ್ರ ಮೊದಲಾದವುಗಳ ವಿಷಯದಲ್ಲಿ ಈ ಚರ್ಚೆ ಬಹಳ ನಡೆದಿದೆ. ಆದರೆ ಅದರ ತಿರುಳು ಹೆಚ್ಚು ಸ್ಫುಟವಾಗಿ ಕಾಣುವುದು ಒಂದು ಸಾಮಾನ್ಯ ಯಂತ್ರದಲ್ಲಿ: ಅಮೆರಿಕದ ಗಿಟಾರುವಾದಕರು ಬಳಸುವ ಅನುರಣನದ ಪೆಟ್ಟಿಗೆಯಲ್ಲಿ.

ಕಲ್ಲುಮಂಟಪದಲ್ಲಿ ಹಾಡಿದ ಸ್ವರವು ಗಾಯಕನು ಬಾಯಿ ಮುಚ್ಚಿದ ಮೇಲೂ ಕ್ಷಣಕಾಲ ನಿಲ್ಲುವುದಷ್ಟೆ. ಆ ಗುಣವನ್ನು ಮಂಟಪವಿಲ್ಲದೆಯೇ ಉಂಟುಮಾಡುವುದು ಈ ಪೆಟ್ಟಿಗೆಯ ಕೆಲಸ. ಗಿಟಾರಿನಿಂದ ಬಂದ ವಿದ್ಯುತ್ಸ್ಪಂದನವನ್ನು ವಾಲ್ವುಗಳು ಬಲಪಡಿಸುತ್ತವೆ. ಅದು ತಂತಿಯ ಸುರುಳಿಯೊಂದರ ಮೂಲಕ ಉಕ್ಕಿನ ಸ್ಪ್ರಿಂಗುಗಳ ಒಂದು ತುದಿಯನ್ನು ಅಲುಗಿಸುತ್ತದೆ. ಆ ಕಂಪನವು ಸ್ಪ್ರಿಂಗಿನುದ್ದಕ್ಕೂ ಹರಿದು, ಕೊನೆಗೆ ತಾಕಿ, ಮತ್ತೆ ಮತ್ತೆ ಹಿಂದಿರುಗುತ್ತದೆ. ಆಚೆಯ ತುದಿಯ ಸುರುಳಿಯು ಅದನ್ನು ಪುನಃ ವಿದ್ಯುತ್ತಾಗಿಸಿ ಮೂಲಸ್ವರದೊಡನೆ ಬೆರೆಯಲು ಕಳುಹಿಸುತ್ತದೆ. ಕ್ಯಾಲಿಫೋರ್ನಿಯದ ಫೆಂಡರ್ ಸಂಸ್ಥೆಯು 1961ರಲ್ಲಿ ಹೊರತಂದ 6ಜಿ15 ಎಂಬ ಪೆಟ್ಟಿಗೆ ಈ ಜಾತಿಯಲ್ಲಿ ಪ್ರಸಿದ್ಧವಾದುದು. ಅದೇ ಹೆಸರಿನ ಕೀರ್ತಿಯನ್ನು ಹೊತ್ತು 1994ರಲ್ಲಿ ಮರಳಿ ಬಂದ ಪೆಟ್ಟಿಗೆಯಲ್ಲಿ ಸ್ಪ್ರಿಂಗನ್ನು ನಡೆಸುವ ವಾಲ್ವು 6ಕೆ6 ಅಲ್ಲ, 6ವಿ6. ಕೈಯಿಂದ ಜೋಡಿಸಿದ ತಂತಿಗಳ ಬದಲು ಅಚ್ಚೊತ್ತಿದ ಫಲಕ. ಇಲ್ಲಿಂದಲೇ ತಿದ್ದುವವರ ಕೈ ಆರಂಭವಾಗುವುದು. ಒಬ್ಬನು ಹಳೆಯ ವಾಲ್ವನ್ನು ತಂದು ಕೂರಿಸುವನು. ಮತ್ತೊಬ್ಬನು ಸ್ವರವನ್ನು ಮೃದುಗೊಳಿಸಲು ಕೆಪ್ಯಾಸಿಟರನ್ನು ಬದಲಿಸುವನು. ಮೂರನೆಯವನು ಹೊಸದೊಂದು ಗುಂಡಿಗಾಗಿ ಲೋಹದ ತಟ್ಟೆಯನ್ನೇ ಕೊರೆಯುವನು.

ನಿರ್ಮಾತೃವಿನ ಅಭಿಪ್ರಾಯಕ್ಕೆ ಇದು ದ್ರೋಹವೆನ್ನುವವರುಂಟು. ಆದರೆ ಯಾವ ನಿರ್ಮಾತೃ? ಸ್ಪ್ರಿಂಗಿನಿಂದ ಧ್ವನಿಯನ್ನು ತಡೆದು ಕಳುಹಿಸುವ ಉಪಾಯವು ಮೊದಲು ಹುಟ್ಟಿದುದು ಬೆಲ್ ಪ್ರಯೋಗಾಲಯದಲ್ಲಿ, ದೂರದ ಟೆಲಿಫೋನುಗಳಲ್ಲಾಗುವ ವಿಳಂಬವನ್ನು ಪರೀಕ್ಷಿಸುವುದಕ್ಕಾಗಿ. ಲಾರೆನ್ಸ್ ಹ್ಯಾಮಂಡ್ ಅದನ್ನು ತನ್ನ ಆರ್ಗನ್ ವಾದ್ಯಕ್ಕೆ ಒಗ್ಗಿಸಿದನು. ಲಿಯೋ ಫೆಂಡರನಾದರೋ ರೇಡಿಯೋ ದುರಸ್ತಿಯಿಂದ ಮೇಲೆ ಬಂದವನು. ಸ್ವತಃ ಗಿಟಾರು ನುಡಿಸಲು ಬಾರದವನು. ವಾದಕರ ಮಾತು ಕೇಳಿ ಕೇಳಿ ತನ್ನ ಸಾಮಾನುಗಳನ್ನು ತಿದ್ದುತ್ತಿದ್ದವನು. ಮೂಲಸ್ವರೂಪವೆಂದು ಪೂಜಿಸಲ್ಪಡುವುದು ಹಿಂದಿನ ತಿದ್ದುಪಡಿಗಳ ರಾಶಿಯಲ್ಲದೆ ಬೇರೇನು? 1737ರಲ್ಲಿ ತೀರಿಕೊಂಡ ಸ್ಟ್ರಾಡಿವಾರಿಯ ಪಿಟೀಲುಗಳನ್ನು ಜಗತ್ತು ಇಂದಿಗೂ ಕೊಂಡಾಡುತ್ತದೆ. ಅವುಗಳಲ್ಲಿ ಬಹುಪಾಲಿನ ಕತ್ತು ಆತನು ಕೂರಿಸಿದ್ದಂತೆ ಉಳಿದಿಲ್ಲ. ದೊಡ್ಡ ಸಭಾಮಂದಿರಗಳ ಕಾಲಕ್ಕೆ ತಕ್ಕಂತೆ ಅನಂತರದವರು ಅದನ್ನು ಬದಲಿಸಿದರು. ಹೀಗಿರಲು, ತಿದ್ದುವುದೇ ಪಾಪವೆಂಬ ಮಾತು ನಿಲ್ಲದು.

ನಿಲ್ಲುವ ಆಕ್ಷೇಪಣೆ ಬೇರೊಂದುಂಟು. ಗಾಳಿಯಲ್ಲಿ ಎಲ್ಲ ಸ್ವರಗಳೂ ಒಂದೇ ವೇಗದಿಂದ ಸಾಗುತ್ತವೆ, ಸ್ಪ್ರಿಂಗಿನಲ್ಲಿ ಹಾಗಲ್ಲ. ಆದುದರಿಂದ ಗಿಟಾರಿನ ಚಿಕ್ಕದೊಂದು ಮೀಟು ಆಚೆಯ ತುದಿಯಲ್ಲಿ ಹರಡಿಹೋಗಿ, ನೀರು ತೊಟ್ಟಿಕ್ಕಿದಂತೆ ಕೇಳುತ್ತದೆ. ಸಭಾಮಂದಿರದ ಅನುಕರಣವೆಂಬ ದೃಷ್ಟಿಯಿಂದ ಇದು ಶುದ್ಧ ದೋಷ. (ಪೆಟ್ಟಿಗೆಗೆ ಕಾಲು ತಗುಲಿದರೆ ಸಿಡಿಲು ಬಡಿದಂತಾಗುವುದು ಇನ್ನೊಂದು ದೋಷ; ಅದನ್ನು ಬೇಕೆಂದೇ ಒದ್ದು ಮೆರೆದವರೂ ಇದ್ದಾರೆ.) ಡಿಕ್ ಡೇಲ್ ಎಂಬ ವಾದಕನು, ತಾನೇ ಹೇಳಿಕೊಂಡಿದ್ದಂತೆ, ಅನುರಣನವನ್ನು ಮೊದಲು ಬಯಸಿದುದು ತನ್ನ ಕಂಠಕ್ಕಾಗಿ. ಆದರೆ 1960ರ ದಶಕದ ಆದಿಯಲ್ಲಿ ಕಡಲತೀರದ ತರುಣರು ಆ ಪೆಟ್ಟಿಗೆಯಲ್ಲಿ ಮಂದಿರವನ್ನು ಕೇಳಲಿಲ್ಲ, ಅಲೆಯನ್ನು ಕೇಳಿದರು. ಕುಂದೇ ಕಂಠವಾಯಿತು. ಇಂದು ಈ ತೊಟ್ಟಿಕ್ಕುವಿಕೆಯನ್ನು ಒರಸಿಹಾಕುವ ಜಾಣನು ತಪ್ಪೊಂದನ್ನು ತಿದ್ದಿದೆನೆಂದು ಸಂತೋಷಪಡುತ್ತಾನೆ. ಅವನ ಮುಂದೆ ಉಳಿಯುವುದು ಎಲ್ಲಿಯಾದರೂ ದೊರೆಯಬಹುದಾದ ಇನ್ನೊಂದು ಪೆಟ್ಟಿಗೆ. ವಸ್ತುವಿನ ಧ್ವನಿಯನ್ನು ಒಂದು ವರ್ಷವಾದರೂ ಕೇಳದವನಿಗೆ ಅದರ ದೋಷ ಯಾವುದು, ಗುಣ ಯಾವುದು ಎಂದು ಹೇಳುವ ಅಧಿಕಾರ ಎಲ್ಲಿಂದ ಬಂದೀತು?

ಅಧಿಕಾರಕ್ಕೆ ಎಲ್ಲೆಯೂ ಉಂಟು. ಬೆಸುಗೆಯನ್ನು ಕರಗಿಸಿ ಹಾಕಿದ ಕೆಪ್ಯಾಸಿಟರನ್ನು ನಾಳೆ ಮರಳಿ ತೆಗೆಯಬಹುದು. 1961ರ ತಟ್ಟೆಯಲ್ಲಿ ಕೊರೆದ ರಂಧ್ರವು ತುಂಬದು. ಮೊದಲನೆಯದು ಒಡೆಯನು ತನಗಾಗಿ ಮಾಡಿಕೊಂಡ ತೀರ್ಮಾನ. ಎರಡನೆಯದು ಇನ್ನೂ ಹುಟ್ಟದವರ ಪರವಾಗಿ, ಅವರನ್ನು ಕೇಳದೆ ಮಾಡಿದ ತೀರ್ಮಾನ. ಮಾರುವಾಗ ಬಾಯಿಮುಚ್ಚಿ ಕೂಡುವವನು ಇವೆರಡಕ್ಕಿಂತಲೂ ಕೀಳಾದ ಕೆಲಸ ಮಾಡುತ್ತಾನೆ, ಬದಲಾವಣೆ ಎಷ್ಟು ಚೆಲುವಾಗಿದ್ದರೂ ಸರಿಯೆ.

ಕುಶಲರಾದ ಕೆಲಸಗಾರರು ತೆಗೆದ ಬಿಡಿಭಾಗಗಳನ್ನು ಚಿಕ್ಕ ಚೀಲದಲ್ಲಿ ಕಟ್ಟಿ, ಮಾಡಿದ ಕೆಲಸವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೇ ಇಡುತ್ತಾರೆ. ಇದು ಬರಿಯ ಸೌಜನ್ಯವಲ್ಲ. ಗೋಡೆಯ ವಿದ್ಯುತ್ತಿನಿಂದ ಬಿಡಿಸಿದ ಮೇಲೂ ಇಂತಹ ಪೆಟ್ಟಿಗೆಯ ಕೆಪ್ಯಾಸಿಟರುಗಳಲ್ಲಿ ನೂರಾರು ವೋಲ್ಟುಗಳು ಅಡಗಿರಬಹುದು. ಸಂಗ್ರಹವಾದುದು ತಾನಾಗಿ ಇಳಿದುಹೋಗಲೆಂದು ಇಟ್ಟಿದ್ದ ಪುಟ್ಟ ಭಾಗವನ್ನು ಹಿಂದಿನವನು ಅನಾವಶ್ಯಕವೆಂದು ಕಿತ್ತಿದ್ದರೆ, ಅದನ್ನು ಅರಿಯದೆ ಒಳಗೆ ಬೆರಳಿಡುವವನು ಮುಂದಿನ ದುರಸ್ತಿಗಾರನು.