ಒಲಿಯದ ಜೀವದೊಡನೆ ಬಾಳುವ ಧರ್ಮ

‘ಕಾರ್ತಿಕೇಯಾನುಪ್ರೇಕ್ಷೆ’ಯಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ, ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಆಯುಧಗಳ ಮಾರಾಟದ ಪಕ್ಕದಲ್ಲಿಯೇ ಇರಿಸಲಾಗಿದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರೂ ತಮ್ಮ ‘ಯೋಗಶಾಸ್ತ್ರ’ದಲ್ಲಿ, ಲಾಭಕ್ಕಾಗಿ ಬೆಕ್ಕು, ನಾಯಿ, ಗಿಳಿ ಮುಂತಾದವನ್ನು ಪೋಷಿಸುವುದನ್ನು ಶ್ರಾವಕನಿಗೆ ಸಲ್ಲದ ವೃತ್ತಿಗಳಲ್ಲಿ ಎಣಿಸಿದ್ದಾರೆ. ಇದರ ಇಂಗಿತ ವ್ಯಾಪಾರಿಗಳಾದ ನಮಗೆ ಬೇಗ ಅರ್ಥವಾಗುತ್ತದೆ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ತಾನು ಕೊಲ್ಲದೆ ಬೆಕ್ಕಿನ ಬಾಯಿಂದ ಕೊಲ್ಲಿಸುವವನು ನಿರ್ದೋಷಿಯಲ್ಲ.

ಈ ವಿಷಯವನ್ನು ಸ್ವಾಧ್ಯಾಯದಲ್ಲಿ ನಾನೇ ಎಷ್ಟೋ ಬಾರಿ ವಿವರಿಸಿದ್ದೇನೆ. ಹಾಗೆ ವಿವರಿಸಿದವನ ಮನೆಯಲ್ಲಿಯೇ ಇಂದು ಒಂದು ಬೆಕ್ಕಿದೆ. ಅದು ತಾನಾಗಿ ಹೊರಟುಹೋಗಿತ್ತು. ನಾನೇ ಹುಡುಕಿ ತಂದೆ. ತಂದದ್ದು ಕರುಣೆಯೋ, ಬಂಧವೋ? ಈ ಪ್ರಶ್ನೆಯನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೊಸಪೇಟೆಯಲ್ಲಿ ನಮ್ಮದು ಕಾಳುಕಡಿಯ ವ್ಯಾಪಾರ. ಗೋದಾಮಿನ ಚೀಲಗಳ ಹಿಂದೆ ಒಂದು ಬೆಕ್ಕು ಮರಿ ಹಾಕಿತ್ತು. ತಾಯಿ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗೆ ಸಿಕ್ಕಿ ಸತ್ತಿತು. ಉಳಿದ ಒಂದೇ ಮರಿಗೆ ಆಗ ಮೂರು ತಿಂಗಳಿದ್ದಿರಬಹುದು. ನಮ್ಮ ಹಮಾಲರಲ್ಲೊಬ್ಬನು, “ಚೀಲದಾಗ ಹಾಕಿ ಸಂಡೂರು ಗುಡ್ಡದಾಗ ಬಿಟ್ಟು ಬರ್ತೀನಿ ಸಾವ್ಕಾರ್ರೇ, ಅದರ ಪಾಡಿಗೆ ಅದು ಬದುಕ್ತದ” ಎಂದನು. ನಮ್ಮ ಊರುಗಳಲ್ಲಿ ಇದು ರೂಢಿಯ ಮಾತು. ಬೇಡವಾದ ಬೆಕ್ಕನ್ನು ದೂರ ಬಿಟ್ಟುಬಂದರೆ ಕೊಂದ ಪಾಪ ಬಾರದೆಂದು ಜನ ಭಾವಿಸುತ್ತಾರೆ. ಆದರೆ ತಾಯಿಯಿಲ್ಲದ ಮರಿಯನ್ನು ಚಿರತೆಯಿರುವ ಗುಡ್ಡದಲ್ಲಿ ಬಿಡುವುದು, ಕೊಲೆಯ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿದಂತೆಯೇ. ಮರಿಯನ್ನು ಮನೆಗೆ ತಂದೆವು. ಇಲಿ ಹಿಡಿಯಲೆಂದಲ್ಲ, ಗೋದಾಮಿನ ಇಲಿಗಳನ್ನು ನಾವು ಇಂದಿಗೂ ಬೋನಿನಲ್ಲಿ ಹಿಡಿದು ಊರಾಚೆ ಬಿಡುತ್ತೇವೆ. ಬೆಕ್ಕಿಗೆ ಗೋದಾಮಿನ ಬಾಗಿಲು ಮುಚ್ಚಿದೆ. ಮಾಳಿಗೆಯ ಮೇಲಿನ ಎರಡು ಕೋಣೆಗಳೇ ಅದರ ಲೋಕ.

ಅದು ಒಗ್ಗಲಿಲ್ಲ. ಬೆಕ್ಕಿನ ಮರಿಯು ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದೊಳಗೆ ಮನುಷ್ಯರ ಸ್ಪರ್ಶವನ್ನು ಅರಿಯದಿದ್ದರೆ, ಅನಂತರ ಮನುಷ್ಯರಿಗೆ ಒಗ್ಗುವುದು ಬಹು ಕಷ್ಟವೆಂದು ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿದವರು ಹೇಳುತ್ತಾರೆ. ನಮ್ಮದಕ್ಕೆ ಆ ಕಾಲ ಮೀರಿತ್ತು. ಕೈ ಚಾಚಿದರೆ ಬುಸುಗುಟ್ಟುತ್ತಿತ್ತು. ಹತ್ತಿರ ಹೋದರೆ ಬೀರುವಿನ ಕೆಳಗೆ ಸೇರುತ್ತಿತ್ತು. ಮೊಮ್ಮಗಳು ಅದಕ್ಕೊಂದು ಹೆಸರಿಟ್ಟಳು. ಆ ಹೆಸರಿಗೆ ಅದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಎರಡು ವರ್ಷಗಳ ಹಿಂದೆ, ಶ್ರಾವಣದ ಒಂದು ಮಳೆಯ ಸಂಜೆ, ಮಾಳಿಗೆಯ ಹಿಂಬಾಗಿಲು ತೆರೆದೇ ಉಳಿಯಿತು. ಬೆಳಗ್ಗೆ ನೋಡಿದರೆ ಬೆಕ್ಕಿಲ್ಲ. ಆಗ ನನ್ನ ಮನಸ್ಸಿನಲ್ಲಿ ಮೊದಲು ಹುಟ್ಟಿದ ಭಾವವನ್ನು ಇಲ್ಲಿ ಮುಚ್ಚಿಡಲಾರೆ. ಅದು ದುಃಖವಲ್ಲ, ಒಂದು ಬಗೆಯ ನಿರಾಳ. ಶಾಸ್ತ್ರ ಬೇಡವೆಂದದ್ದು ತಾನಾಗಿ ತೊಲಗಿತು, ವ್ರತಕ್ಕೆ ಅಂಟಿದ್ದ ಕಳಂಕ ಕಳೆಯಿತು ಎಂದುಕೊಂಡೆ. ಮನೆಯಲ್ಲಿಯೂ ಹಾಗೆಯೇ ಹೇಳಿದೆ. ನನ್ನ ಮನೆಯವರು ಅಕ್ಕಿ ಆರಿಸುತ್ತ ಕುಳಿತಿದ್ದರು. ತಲೆಯೆತ್ತದೆಯೇ ಕೇಳಿದರು: “ಅಲ್ರೀ, ಒಳಗ ತಂದು ಹೊರಗಿನ ಬದುಕು ಮರೆಸಿದವರು ನಾವು. ಅದು ಮಳ್ಯಾಗ ಎಲ್ಲೋ ಕುಂತಿರುವಾಗ ನಿಮಗೆ ವ್ರತ ನೆನಪಾತೇನು?”

ನಾನು ವಾಣಿಜ್ಯ ಓದಿದವನು. ನಲವತ್ತು ವರ್ಷ ಖಾತೆ ಬರೆದವನು. ಸಾಲಗಾರನ ವಿಳಾಸ ತಪ್ಪಿತೆಂದು ಸಾಲ ತೀರಿತೆಂದು ಬರೆದುಕೊಳ್ಳುವಂತಿಲ್ಲ. ಹಾಗೆಯೇ ನಾವು ಕೊಡಬೇಕಾದವನು ಕಾಣೆಯಾದರೆ ನಮ್ಮ ಋಣವೂ ತೀರುವುದಿಲ್ಲ. ಬೆಕ್ಕನ್ನು ಸಾಕಬಾರದೆಂಬ ಶಾಸ್ತ್ರವಚನ ಬಾಗಿಲ ಹೊರಗೆ ನಿಂತವನಿಗೆ ಹೇಳಿದ ಮಾತು. ಒಳಗೆ ಕರೆತಂದ ಮೇಲೆ ಅದೇ ವಚನವನ್ನು ಹೊರದೂಡುವುದಕ್ಕೆ ಬಳಸಿದರೆ, ಶಾಸ್ತ್ರ ನಮ್ಮ ಆಲಸ್ಯಕ್ಕೆ ಹೊದಿಕೆಯಾಗುತ್ತದೆ. ನನ್ನ ನಿರಾಳ ವೈರಾಗ್ಯವಾಗಿರಲಿಲ್ಲ, ಅದು ಪ್ರಮಾದವಾಗಿತ್ತು. ಪ್ರಮಾದವೇ ಹಿಂಸೆಯ ಮೂಲವೆಂಬುದು ಸರ್ವರೂ ಬಲ್ಲ ಮಾತು.

ಹುಡುಕಾಟ ಆರಂಭವಾಯಿತು. ಮೊದಲ ಎರಡು ದಿನ ತಪ್ಪಾಗಿ ಹುಡುಕಿದೆವು. ಅಂಗಡಿಯ ಹುಡುಗರು ದೂರದ ಓಣಿಗಳಿಗೆ ಹೋಗಿ ಹೆಸರು ಕೂಗಿ ಬಂದರು. ಕೊನೆಗೆ ಪಶುವೈದ್ಯರೊಬ್ಬರು ತಿಳಿಸಿದರು: ಮನೆಯೊಳಗೇ ಬೆಳೆದ ಬೆಕ್ಕು ಹೊರಬಿದ್ದಾಗ ದೂರ ಓಡುವುದಿಲ್ಲ, ಸಮೀಪದಲ್ಲಿಯೇ ಒಂದು ಸಂದಿಯಲ್ಲಿ ಅಡಗಿ, ಕರೆದರೂ ಓಗೊಡದೆ ಇರುತ್ತದೆ, ಅಂಜಿದ ಬೆಕ್ಕಿಗೆ ಮೌನವೇ ರಕ್ಷೆ. ಕಳೆದುಹೋದ ಬೆಕ್ಕುಗಳ ಕುರಿತು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿಯೂ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಸ್ಥಳದಿಂದ 500 ಮೀಟರಿನೊಳಗೆ ದೊರೆತವು ಎಂದಿದೆ. ಮೂರನೆಯ ರಾತ್ರಿ ಎರಡು ಗಂಟೆಗೆ, ಊರು ಮಲಗಿದ ಮೇಲೆ, ಬ್ಯಾಟರಿ ಹಿಡಿದು ಹೊರಟೆ. ನಮ್ಮ ಹಿತ್ತಲಿನಿಂದ ಮೂರನೆಯ ಮನೆ ಪಾಳುಬಿದ್ದಿದೆ. ಅಲ್ಲಿಯ ಮುರಿದ ತೊಲೆಗಳ ಕೆಳಗೆ ಎರಡು ಕಣ್ಣು ಹೊಳೆದವು. ಮೂರು ದಿನವೂ ಅದು ನಮ್ಮ ಕೂಗನ್ನು ಕೇಳುತ್ತಲೇ ಇತ್ತೇನೋ!

ಕೈಗೆ ಸಿಗುವ ಪ್ರಾಣಿಯಲ್ಲ, ಬೋನೇ ಗತಿ. ಕಂಪ್ಲಿಯ ಅಕ್ಕಿ ವ್ಯಾಪಾರಿ ಮಿತ್ರರೊಬ್ಬರಲ್ಲಿ ದೊಡ್ಡ ಬೋನು ಇತ್ತು. ತರಲು ಹೋದಾಗ ಕಮಲಾಪುರ ದಾಟಿ, ಕಂಪ್ಲಿ ರಸ್ತೆಯಲ್ಲಿರುವ ಗಾಣಿಗಿತ್ತಿ ಬಸದಿಯ ಮುಂದೆ ಇಳಿದೆ. ಹಂಪಿಗೆ ಬರುವ ಪ್ರವಾಸಿಗರಲ್ಲಿ ಇಲ್ಲಿ ನಿಲ್ಲುವವರು ಕಡಿಮೆ. ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಕುಂಥುನಾಥ ಜಿನೇಶ್ವರನಿಗೆ ಕಟ್ಟಿಸಿದ ಚೈತ್ಯಾಲಯವಿದು. ಮುಂದಿನ ಮಾನಸ್ತಂಭದ ಶಾಸನದಲ್ಲಿ ಇದು ದಾಖಲಾಗಿದೆ. ಗರ್ಭಗುಡಿಯಲ್ಲಿ ಇಂದು ಜಿನಬಿಂಬವಿಲ್ಲ. ಆದರೂ ಅಲ್ಲಿ ನಿಂತು ಕೈಮುಗಿದೆ. ಆಗ ಒಂದು ವಿಚಾರ ಹೊಳೆಯಿತು. ನಾವು ಪೂಜಿಸುವ ಜಿನನು ವೀತರಾಗನು. ನಮ್ಮ ಸ್ತುತಿಗೆ ಒಲಿಯುವವನಲ್ಲ, ನಿಂದೆಗೆ ಮುನಿಯುವವನಲ್ಲ. ಪ್ರತಿಫಲವಿಲ್ಲದ ಭಕ್ತಿಯನ್ನು ತಲೆತಲಾಂತರದಿಂದ ಅಭ್ಯಸಿಸಿದ ಸಮಾಜ ನಮ್ಮದು. ಜಿನನಿಗೂ ಬೆಕ್ಕಿಗೂ ಹೋಲಿಕೆ ಹೇಳುತ್ತಿಲ್ಲ. ಹೋಲಿಕೆ ಇರುವುದು ನಮ್ಮ ಕಡೆಯಲ್ಲಿ ಮಾತ್ರ. ಬಸದಿಯಲ್ಲಿ ಏನನ್ನೂ ಬೇಡದೆ ಕೈಮುಗಿಯಬಲ್ಲವನು, ಮನೆಯಲ್ಲಿ ಒಂದು ಬಟ್ಟಲು ಅನ್ನವಿಟ್ಟು “ಇಷ್ಟು ಮಾಡಿದರೂ ಮಡಿಲಿಗೆ ಬರಲಿಲ್ಲ” ಎಂದು ಏಕೆ ಗೊಣಗಬೇಕು?

ಆರನೆಯ ರಾತ್ರಿ ಬೆಕ್ಕು ಬೋನಿಗೆ ಬಿದ್ದಿತು. ಸರಳುಗಳಿಗೆ ಮೂತಿ ಬಡಿದುಕೊಂಡು ರಕ್ತ ಬಂದಿತ್ತು. ಬೋನಿನ ಮೇಲೆ ಹಳೆಯ ಪಂಚೆ ಹೊದಿಸಿದಾಗ ಸುಮ್ಮನಾಯಿತು. ಇಲಿಯನ್ನು ಹಿಡಿಯುವುದೂ ಇಂಥದೇ ಯಂತ್ರದಿಂದ. ಆದರೆ ಇಲಿಯನ್ನು ಹಿಡಿದು ಬಿಡುತ್ತೇನೆ, ಬೆಕ್ಕನ್ನು ಹಿಡಿದು ಇಟ್ಟುಕೊಳ್ಳುತ್ತೇನೆ. ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಎದೆಯಲ್ಲಿ “ನನ್ನ ಬೆಕ್ಕು ಸಿಕ್ಕಿತು” ಎಂಬ ಹಿಗ್ಗು. ಆರು ದಿನಗಳ ಹಿಂದೆ ‘ತೊಲಗಿತು’ ಎಂದು ನಿರಾಳವಾದವನೂ ನಾನೇ, ಈಗ ‘ನನ್ನದು’ ಎಂದು ಹಿಗ್ಗುವವನೂ ನಾನೇ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂಬ ಉಮಾಸ್ವಾಮಿಗಳ ಅಭಿಪ್ರಾಯ ಆ ಮೆಟ್ಟಿಲುಗಳ ಮೇಲೆ ನನಗೆ ಅರ್ಥವಾಯಿತು. ಉಪೇಕ್ಷೆ ಒಂದು ತಪ್ಪು, ಮಮಕಾರ ಮತ್ತೊಂದು. ಎರಡರಲ್ಲಿಯೂ ಬೆಕ್ಕಿನ ಹಿತ ಲೆಕ್ಕಕ್ಕೆ ಬಂದಿರಲಿಲ್ಲ.

ಇಲ್ಲಿ ಕೇಳಲೇಬೇಕಾದ ಆಕ್ಷೇಪವೊಂದಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದು ಬಂಧವನ್ನು. ಜೀವಿಯನ್ನು ಅದು ಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸುತ್ತಾರೆ. ಮುಚ್ಚಿದ ಬಾಗಿಲು ಇದಲ್ಲದೆ ಮತ್ತೇನು? ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ನಮ್ಮ ಸಮಾಜದ ಪಕ್ಷಿ ಆಸ್ಪತ್ರೆಯಲ್ಲಿ ಗುಣವಾದ ಹಕ್ಕಿಗಳನ್ನು ಆಕಾಶಕ್ಕೆ ಬಿಡುವುದು ಪದ್ಧತಿ. ಅದೇ ನ್ಯಾಯ ಬೆಕ್ಕಿಗೂ ಸಲ್ಲಬೇಡವೇ? ಇದಕ್ಕೆ ನನ್ನ ಉತ್ತರ ಇಷ್ಟೇ. ಹಾರಬಲ್ಲ ಹಕ್ಕಿಗೆ ಆಕಾಶ ತನ್ನ ಮನೆ. ಮಾಳಿಗೆಯಲ್ಲಿ ಬೆಳೆದ ಈ ಬೆಕ್ಕು ಹೊರಗೆ ಆರು ದಿನ ಒಂದೇ ತೊಲೆಯ ಕೆಳಗೆ ನಡುಗುತ್ತಿತ್ತು. ಅದು ಬಯಸಿದ ಕಡೆಗೆ ಹೋದದ್ದಲ್ಲ, ಹೋಗಲು ದಾರಿ ತಿಳಿಯದೆ ಉಳಿದದ್ದು. ಆದರೂ ಬಂಧದ ದೋಷ ಪೂರ್ತಿ ಕಳೆಯಿತೆನ್ನಲಾರೆ. ಕಟ್ಟಲೇಬೇಕಾದರೆ, ಬೆಂಕಿ ಬಿದ್ದಾಗ ಬಿಚ್ಚಲು ಬರುವಂತೆ ಸಡಿಲವಾಗಿ ಕಟ್ಟಬೇಕೆಂದು ಶ್ರಾವಕಾಚಾರದ ವ್ಯಾಖ್ಯಾನಕಾರರು ಹೇಳುತ್ತಾರೆ. ಆ ಮಾತಿನಂತೆ ಒಂದು ಕಿಟಕಿಗೆ ಜಾಳಿಗೆ ಹಾಕಿ, ಬಿಸಿಲು, ಗಾಳಿ, ಓಣಿಯ ನೋಟ ಬರುವಂತೆ ಮಾಡಿದೆವು. ಅಡಗಲು ಮೂಲೆ, ಹತ್ತಲು ಅಟ್ಟ ಕೊಟ್ಟೆವು. ಬಂಧವನ್ನು ಸಡಿಲಿಸಿದ್ದೇವೆ, ಇಲ್ಲವಾಗಿಸಿಲ್ಲ.

ಎರಡನೆಯ ತೊಡಕು ಆಹಾರದ್ದು. ಹಾಲು ಅನ್ನ ಹಾಕಿದರೆ ಬೆಕ್ಕು ಸಾತ್ವಿಕವಾಗುತ್ತದೆಂದು ನಮ್ಮಲ್ಲಿ ಕೆಲವರ ನಂಬಿಕೆ. ವಸ್ತುಸ್ಥಿತಿ ಬೇರೆ. ಟಾರಿನ್ ಎಂಬ ಸತ್ತ್ವವನ್ನು ಬೆಕ್ಕಿನ ಶರೀರ ಸಾಕಷ್ಟು ತಯಾರಿಸಿಕೊಳ್ಳಲಾರದು. ಧಾನ್ಯ ತರಕಾರಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದು ದೊರೆಯದಿದ್ದರೆ ಬೆಕ್ಕು ಕುರುಡಾಗುತ್ತದೆ. ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿ ವಿಜ್ಞಾನಿಗಳು ತೋರಿಸಿದರು. ಬಾಗಿಲು ಮುಚ್ಚಿ, ಅದಕ್ಕೆ ಒಗ್ಗದ ಅನ್ನವನ್ನಷ್ಟೇ ಇಡುವುದು ಅನ್ನಪಾನ ನಿರೋಧವೆಂಬ ಇನ್ನೊಂದು ಅತಿಚಾರವೇ ಆಗುತ್ತದೆ. ಆದ್ದರಿಂದ ಪೊಟ್ಟಣದ ಬೆಕ್ಕಿನ ಆಹಾರ ನಮ್ಮ ಮನೆಗೆ ಬರುತ್ತದೆ. ಅದರಲ್ಲಿ ಮೀನಿನ ಅಂಶವಿದೆ. ಅಡುಗೆಮನೆಯಿಂದ ದೂರ, ಮಾಳಿಗೆಯ ಮೆಟ್ಟಿಲ ಬಳಿ ಇಡುತ್ತೇವೆ. ದೂರವಿಟ್ಟ ಮಾತ್ರಕ್ಕೆ ಪಾಪ ದೂರವಾಗುವುದಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಕೊಂಡವನ ಪಾಲು ಇದ್ದೇ ಇದೆ. ಇದನ್ನು ಪುಣ್ಯದ ಬಾಬತ್ತಿಗೆ ಹಾಕುವ ಧೈರ್ಯ ನನಗಿಲ್ಲ; ಖರ್ಚಿನ ಕಡೆಯೇ ಬರೆದು, ಪ್ರತಿಕ್ರಮಣದಲ್ಲಿ ಆಲೋಚನೆ ಮಾಡುತ್ತೇನೆ. ದಯೆಯ ಕಾರ್ಯವೂ ಪಾಪದ ಸೋಂಕಿಲ್ಲದೆ ನಡೆಯದಿರಬಹುದೆಂಬುದನ್ನು ಗೃಹಸ್ಥನು ಒಪ್ಪಿಕೊಳ್ಳಬೇಕು; ಒಪ್ಪಿಕೊಂಡು ಕುಗ್ಗಬೇಕು, ಬೀಗಬಾರದು.

ಹಾಗಾದರೆ ಒಲಿಯದ ಜೀವದೊಡನೆ ಬಾಳುವ ರೀತಿ ಯಾವುದು? ನಮ್ಮ ಆಚಾರ್ಯರು ನಾಲ್ಕು ಭಾವನೆಗಳನ್ನು ಹೇಳಿದ್ದಾರೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ಅವಿನೇಯರಲ್ಲಿ ಮಾಧ್ಯಸ್ಥ್ಯ. ಅವಿನೇಯ ಎಂದರೆ ತಿದ್ದಿ ಕಲಿಸಲು ಬಾರದವರು. ಈ ನಾಲ್ಕನೆಯದನ್ನು ನಾನು ಬಹುಕಾಲ ‘ದೂರವಿದ್ದುಬಿಡುವುದು’ ಎಂದು ತಿಳಿದಿದ್ದೆ. ಬೆಕ್ಕು ಆ ಅರ್ಥವನ್ನು ತಿದ್ದಿತು. ಬಿಟ್ಟುಬಿಡುವುದು ಮಾಧ್ಯಸ್ಥ್ಯವಲ್ಲ. ಮುನಿಸಿಲ್ಲದೆ, ಬೇಡಿಕೆಯಿಲ್ಲದೆ, ಕರ್ತವ್ಯ ಬಿಡದೆ, ಜೊತೆಗಿರುವುದು ಮಾಧ್ಯಸ್ಥ್ಯ. ಮರಳಿ ತಂದ ಮೇಲೆ ಹನ್ನೊಂದು ದಿನ ಅದು ಅಟ್ಟದಿಂದ ಇಳಿಯಲಿಲ್ಲ. ನಾವು ಕರೆಯಲಿಲ್ಲ. ಹೊತ್ತಿಗೆ ಸರಿಯಾಗಿ ಬಟ್ಟಲು ಇಟ್ಟು, ಕಣ್ಣಿಟ್ಟು ನೋಡದೆ, ಹಿಂದಿರುಗುತ್ತಿದ್ದೆವು. ಈಗ ನಾನು ಬೆಳಗಿನ ಸಾಮಾಯಿಕಕ್ಕೆ ಕುಳಿತರೆ, ಆ ನಲವತ್ತೆಂಟು ನಿಮಿಷ ಅದು ಎರಡು ಮಾರು ದೂರದಲ್ಲಿ ಕುಳಿತಿರುತ್ತದೆ. ನಾನು ಅಲುಗಾಡದಿರುವುದೇ ಅದಕ್ಕೆ ಬೇಕಾದದ್ದೆಂದು ತೋರುತ್ತದೆ. ಎದ್ದೊಡನೆ ಓಡುತ್ತದೆ. ಈವರೆಗೆ ಒಮ್ಮೆಯೂ ಮುಟ್ಟಿಲ್ಲ. ಮುಟ್ಟುವ ಆಸೆ ಬಹಳಷ್ಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಬಸದಿಗಳ ಆವರಣದಲ್ಲಿ, ನಮ್ಮ ಅಂಗಡಿ ಗೋದಾಮುಗಳಲ್ಲಿ ಇಂಥ ಪ್ರಾಣಿಗಳು ಬರುತ್ತಲೇ ಇರುತ್ತವೆ. ಟ್ರಸ್ಟಿನವರೂ ಕುಟುಂಬದವರೂ ಒಂದು ಭೇದವನ್ನು ನೆನಪಿಡುವುದು ಉಚಿತ. ಸಾಕಬೇಡಿ ಎಂಬ ಶಾಸ್ತ್ರವಚನ ಪ್ರಾರಂಭಕ್ಕೆ ಅನ್ವಯಿಸುವುದು. ಆದ್ದರಿಂದ ಆಸೆಗಾಗಿ, ಆಟಕ್ಕಾಗಿ, ಇಲಿಗಾಗಿ ತರಬೇಡಿ. ಆಪತ್ತಿನಲ್ಲಿ ತಂದದ್ದಾದರೆ, ಅದು ಒಲಿಯಲಿ ಒಲಿಯದಿರಲಿ, ಅದರ ಆಯುಷ್ಯ ತೀರುವವರೆಗೆ ಕೈಬಿಡಬೇಡಿ, ಕಳೆದರೆ ಹುಡುಕಿರಿ. ನಾವು ಮನೆಮಂದಿಯೆಲ್ಲ ಕುಳಿತು ಮಾಡಿದ ನಿಯಮವೂ ಇದೇ: ಈ ಬೆಕ್ಕು ಇರುವವರೆಗೆ ಇರಲಿ, ಇದರ ಬಳಿಕ ಮತ್ತೊಂದಿಲ್ಲ. ನಿಯಮಕ್ಕೆ ಮೊಮ್ಮಗಳು ಮಾತ್ರ ಇನ್ನೂ ಒಪ್ಪಿಲ್ಲ. ಹಿಂಬಾಗಿಲ ಚಿಲಕವನ್ನು ರಾತ್ರಿ ಎರಡು ಸಲ ನೋಡುವವಳೂ ಅವಳೇ.