ಬರೆಯದೆ ಬಿಟ್ಟ ಹೆಸರು



ನಿಮ್ಮ ಮನೆಯ ಯುವಕನೊಬ್ಬ ಕೆನಡಾದ ಖಾಯಂ ವಾಸ್ತವ್ಯಕ್ಕೆ ಅರ್ಜಿ ಹಾಕಿದ್ದಾನೆಂದು ಭಾವಿಸಿರಿ. ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ ಎಲ್ಲ ಮುಗಿದಿದೆ. ಬರಬೇಕಾದುದು ದೃಢೀಕರಣ ಪತ್ರವೊಂದೇ. ಅಷ್ಟರಲ್ಲಿ ಹಿರಿಯರು ಅವನ ನಿಕಾಹ್ ನೆರವೇರಿಸಿದರು. ಈಗ ತಿಳಿದವರೊಬ್ಬರ ಸಲಹೆ: “ಮದುವೆಯ ಸುದ್ದಿ ಎತ್ತಬೇಡ, ಫೈಲು ತಡವಾಗುತ್ತದೆ. ಅರ್ಜಿ ಹಾಕಿದ ದಿನ ನೀನು ಅವಿವಾಹಿತನೇ ಆಗಿದ್ದೆಯಲ್ಲ! ಇದರಲ್ಲಿ ಸುಳ್ಳೆಲ್ಲಿದೆ?”

ಮಾತು ಎಷ್ಟು ಸರಿಯೆನಿಸುತ್ತದೆ ನೋಡಿ. ಬರೆದುದು ಬರೆದ ದಿನ ನಿಜವೇ. ಆದರೆ ವಿವರಗಳು ಬದಲಾದರೆ ಕೂಡಲೇ ತಿಳಿಸುವೆನೆಂದೂ ಅವನು ಅದೇ ಅರ್ಜಿಯಲ್ಲಿ ಸಹಿ ಹಾಕಿದ್ದಾನೆ. ಸುಮ್ಮನಿದ್ದರೆ ಮುರಿಯುವುದು ಆ ಮಾತು. ಸೂರಃ ಅಲ್ ಮಾಇದಃ ಆರಂಭವಾಗುವುದೇ ಕರಾರು ಪಾಲನೆಯ ಆಜ್ಞೆಯಿಂದ. ಕರಾರು ನಮ್ಮವರೊಂದಿಗೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ.

ತಡವಾಗುವುದೇನೋ ನಿಜ. ಪತ್ನಿ ಜೊತೆಗೆ ಹೋಗದಿದ್ದರೂ ಆಕೆಯ ತಪಾಸಣೆಯೂ ನಡೆಯಬೇಕು. ತಿಂಗಳುಗಳೇ ಉರುಳಬಹುದು, ಸಾಲ ಮಾಡಿ ಕಾಯುವವನಿಗೆ ಇದು ಸಣ್ಣ ಕಷ್ಟವಲ್ಲ. ಮುಚ್ಚಿಟ್ಟುದು ಬಯಲಾದರೋ, ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. 2014ರ ಮೊದಲು ಅದು ಎರಡೇ ವರ್ಷವಿತ್ತು. ಬಯಲಾಗದೆ ಅವನು ಅಲ್ಲಿ ನೆಲೆಸಿದನೆನ್ನಿ. ಅಂದು ಹೆಸರು ತಿಳಿಸದ, ತಪಾಸಣೆಯಾಗದ ಪತ್ನಿಯನ್ನು ಮುಂದೆ ಕುಟುಂಬದ ಸದಸ್ಯೆಯೆಂದು ಕರೆಸಿಕೊಳ್ಳಲು ಅಲ್ಲಿನ ನಿಯಮ ಸಾಮಾನ್ಯವಾಗಿ ಬಿಡದು.

ಸಲಹೆಯ ಬೆಲೆ ತೆರುವವಳು ಆಕೆ. ಸಾಕ್ಷಿಗಳೆದುರು ಖುಬೂಲ್ ಎಂದವನು, ಜಮಾಅತಿನ ದಫ್ತರಿನಲ್ಲಿರುವ ಹೆಸರನ್ನು ಕೆನಡಾದ ಫೈಲಿನಲ್ಲಿ ಬಿಟ್ಟುಬಿಡಲು ಹೊರಟಿದ್ದಾನೆ. ಇಷ್ಟೆಲ್ಲ ಸಮಾಲೋಚನೆ ನಡೆಯಿತಲ್ಲ, ಆಕೆಯನ್ನು ಯಾರಾದರೂ ಒಂದು ಮಾತು ಕೇಳಿದರೇ?