ಬಾಯಿ ಬಿಗಿದಾಗ ತೆರೆದ ಕಣ್ಣು



ದಾವಣಗೆರೆ ಮಂಡಿಪೇಟೆಯ ವ್ಯಾಪಾರಿಯೊಬ್ಬರ ಮಗ ನನ್ನ ಬಳಿ ಕುರ್‌ಆನ್ ಪಾರಾಯಣ ಕಲಿಯುತ್ತಿದ್ದ. ಬೆಳೆಯುತ್ತ ಬೆಳೆಯುತ್ತ ಅವನ ಕೆಳದವಡೆ ಮುಂದಕ್ಕೆ ಚಾಚಿಕೊಂಡಿತು. ಜೊತೆಯವರು ಅಡ್ಡಹೆಸರಿಟ್ಟು ಕರೆಯುತ್ತಿದ್ದರು. ನಾನು ಕೇಳಿಯೂ ಕೇಳದಂತಿದ್ದೆ. 'ಫಾ' ಅಕ್ಷರಕ್ಕೆ ಮೇಲುಹಲ್ಲಿನ ತುದಿ ಕೆಳತುಟಿಯ ಒಳಭಾಗಕ್ಕೆ ತಾಗಬೇಕು. ಅವನಿಗೆ ತಾಗುತ್ತಿರಲಿಲ್ಲ. ಅಲಕ್ಷ್ಯವೆಂದು ಭಾವಿಸಿ ನಾನು ಎಷ್ಟೋ ಸಲ ಗದರಿದ್ದೆ.

ದವಡೆಯ ಬೆಳವಣಿಗೆ ನಿಂತ ಮೇಲೆ ಅವನಿಗೆ ಶಸ್ತ್ರಚಿಕಿತ್ಸೆಯಾಯಿತು. ಬಾಯಿಯ ಒಳಗಿನಿಂದಲೇ ಮೂಳೆಯನ್ನು ಕತ್ತರಿಸಿ, ಸರಿಯಾದ ಸ್ಥಾನಕ್ಕೆ ಸರಿಸಿ, ಟೈಟಾನಿಯಂನ ಪುಟ್ಟ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. 1979ರಲ್ಲೇ ಬಾಪೂಜಿ ದಂತ ಮಹಾವಿದ್ಯಾಲಯ ಆರಂಭವಾದ ಈ ಊರಿಗೆ ಇಂಥ ಚಿಕಿತ್ಸೆ ಹೊಸದೇನಲ್ಲ.

ವಾರದ ನಂತರ ನೋಡಲು ಹೋದೆ. ಮುಖ ಊದಿತ್ತು. ಮೇಲಿನ, ಕೆಳಗಿನ ಹಲ್ಲುಗಳನ್ನು ರಬ್ಬರ್ ಬ್ಯಾಂಡುಗಳಿಂದ ಬಿಗಿದಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಊರಿನ ಹುಡುಗನಿಗೆ ಸಿರಿಂಜಿನಲ್ಲಿ ಗಂಜಿ! ಅವನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ: "ಹಜ್ರತ್, ಇನ್ನು 'ಫಾ' ಸರಿಯಾಗಿ ಬರುತ್ತದೆಯೇ?"

ನನ್ನ ತಲೆ ತಾನಾಗಿ ತಗ್ಗಿತು. ತಡವರಿಸುತ್ತ, ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಎರಡು ಪುಣ್ಯಗಳಿವೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆ ಹದೀಸನ್ನು ವರ್ಷವರ್ಷವೂ ಪಾಠ ಮಾಡಿದವನು ನಾನೇ. ಅಡ್ಡಹೆಸರಿನಿಂದ ಕರೆಯುವುದನ್ನು ಅಲ್‌ಹುಜುರಾತ್ ಅಧ್ಯಾಯದ 11ನೇ ಸೂಕ್ತ ನಿಷೇಧಿಸಿದೆ. ಅದನ್ನು ಕಲಿಸಿದವನೂ ನಾನೇ. ಅವನ ತಂದೆಯ ಎದುರಿನಲ್ಲೇ ಹುಡುಗನ ಕ್ಷಮೆ ಕೇಳಿದೆ.

ತಂದೆಗೂ ಒಂದು ಅಳುಕಿತ್ತು: "ಇದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತೆ ಆಗಲಿಲ್ಲವೇ?" ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ(ರ) ಬೆಳ್ಳಿಯ ಮೂಗು ಹಾಕಿಸಿಕೊಂಡಿದ್ದರು. ಅದು ದುರ್ವಾಸನೆ ಬೀರಿದಾಗ, ಗಂಡಸರಿಗೆ ನಿಷಿದ್ಧವಾದ ಚಿನ್ನದಿಂದಲೇ ಮೂಗು ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದರು. 2007ರಲ್ಲಿ ಮಲೇಶಿಯಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯೂ ದೋಷ ನಿವಾರಣೆಯ ಶಸ್ತ್ರಚಿಕಿತ್ಸೆಯನ್ನು ಅನುಮತಿಸಿ, ಕೇವಲ ಶೋಕಿಗಾಗಿ ರೂಪ ಬದಲಿಸುವುದನ್ನು ತಡೆದಿದೆ. ಅಗಿಯಲು, ಮಾತನಾಡಲು ಅಡ್ಡಿಯಾದ ದವಡೆಯನ್ನು ಸರಿಪಡಿಸುವುದು ಶೋಕಿಯಲ್ಲ.

ಚೇತರಿಕೆಗೆ ಸಹನೆ ಬೇಕು. ಊತ ಎರಡು ಮೂರನೆಯ ದಿನ ಹೆಚ್ಚಿ, ಮುಂದಿನ ವಾರಗಳಲ್ಲಿ ಇಳಿಯುತ್ತದೆ. ಮೂಳೆ ಕೂಡಲು ಸುಮಾರು ಆರು ವಾರ ಬೇಕು. ಕೆಳತುಟಿಯ ಜೋಮು ತಿಂಗಳುಗಟ್ಟಲೆ ಇರಬಹುದು. ಕೆಲವರಿಗೆ ಪೂರ್ತಿ ಹೋಗದೆಯೂ ಉಳಿಯಬಹುದು. ವೈದ್ಯರು ಹೇಳುವ ತನಕ ಗಟ್ಟಿ ಆಹಾರ ಅಗಿಯಬಾರದು. ನಿಲ್ಲಲಾಗದಿದ್ದರೆ ಕುಳಿತು ನಮಾಝ್ ಮಾಡಲಿ, ನಾಲಗೆ ಆಡುವಷ್ಟೇ ಓದಲಿ. ರಮಝಾನ್ ಬಂದರೆ ಉಪವಾಸವನ್ನು ಗುಣವಾದ ಮೇಲೆ ತೀರಿಸಲಿ. ನೋಡಲು ಹೋಗುವವರು ಅವನನ್ನು ಮಾತಿಗೆಳೆಯದೆ, ಮುಖದ ಬಗ್ಗೆ ಟೀಕಿಸದೆ, ಪ್ರಾರ್ಥಿಸಿ ಬೇಗ ಎದ್ದು ಬರಲಿ.

ಈಗ ಅವನು ಮತ್ತೆ ಪಾಠಕ್ಕೆ ಬರುತ್ತಿದ್ದಾನೆ. ತುಟಿಯ ಜೋಮು ಹೋಗಿಲ್ಲ. ಹಲ್ಲು ತಾಗಿತೋ ಇಲ್ಲವೋ ತಿಳಿಯದೆ ಕನ್ನಡಿ ನೋಡಿಕೊಂಡು 'ಫಾ' ಹೇಳುತ್ತಾನೆ. ನಾನು ಕಾಯುತ್ತೇನೆ.

ಓದುಗರೇ, ಅವನ ಬಾಯಿ ಕೆಲವು ವಾರ ಬಿಗಿದಿತ್ತು. ಆದರೆ ಬಿಗಿಯಬೇಕಾಗಿದ್ದುದು ಅಪಹಾಸ್ಯ ಮಾಡಿದವರ ಮತ್ತು ಗದರಿದವನ ನಾಲಗೆಯನ್ನಲ್ಲವೇ? ಅಲ್ಲಾಹನು ರೋಗಿಗಳಿಗೆ ಶಿಫಾವನ್ನೂ ನಮ್ಮ ನಾಲಗೆಗೆ ಸಂಯಮವನ್ನೂ ದಯಪಾಲಿಸಲಿ. ಆಮೀನ್.